ಮೊದಲ ಬಟ್ಟಲಿನ ರುಚಿ

ಅಮ್ಮ ಮೊದಲ ಬಟ್ಟಲು ಕುಡಿದು "ಸರಿಯಾಗಿದೆ" ಅನ್ನುವವರೆಗೆ ಥೋವಾಳ ಹೋಟೆಲಿನ ಬಾಗಿಲು ತೆರೆಯುವಂತಿರಲಿಲ್ಲ. ಹೊರಗೆ ಚಳಿಗೆ ಕೈ ಉಜ್ಜಿಕೊಳ್ಳುತ್ತ ಗಿರಾಕಿಗಳು ನಿಂತಿರಲಿ, ಭಾನುವಾರದ ಮೊದಲ ಬಲಿಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರ ಬಂದವರು ಗಾಜಿನ ಮೇಲೆ ಬೆರಳಿನಿಂದ ಟಕಟಕ ಬಡಿಯಲಿ, ಅಮ್ಮನ ಬಾಯಿಂದ ಆ ಮಾತು ಬರಬೇಕು. ಬೋಣಿ ಒಳ್ಳೆಯದಾದರೆ ದಿನ ಒಳ್ಳೆಯದು. ಬೋಣಿಗೆ ಅಮ್ಮನಿಗಿಂತ ಒಳ್ಳೆಯ ಬಾಯಿ ನ್ಯೂ ಆರ್ಲಿಯನ್ಸಿನ ಈ ಪೂರ್ವದ ಅಂಚಿನಲ್ಲಿ ಯಾರಿಗೂ ಇರಲಿಲ್ಲ.

ಅಮ್ಮ ಅಂದರೆ ಸೆನ್ ಅಜ್ಜಿ. ಹಿಂದೆ ಸಮುದ್ರದಾಚೆಯ ತಾಯ್ನಾಡಿನ ವುಂಗ್ ತಾವು ಪಟ್ಟಣದಲ್ಲಿ ಹೆಗಲ ಅಡ್ಡೆಯ ಒಂದು ತುದಿಗೆ ಸಾರಿನ ಹಂಡೆ, ಇನ್ನೊಂದು ತುದಿಗೆ ಬಟ್ಟಲಿನ ಬುಟ್ಟಿ ತೂಗಿಸಿಕೊಂಡು ಬೀದಿ ಬೀದಿ ಅಲೆದು ಫೋ, ಅಂದರೆ ಎಲುಬಿನ ಸಾರಿನ ಶ್ಯಾವಿಗೆ, ಮಾರಿದವಳು. ದೋಣಿ ಹತ್ತಿ ಸಮುದ್ರ ದಾಟಿ ಬಂದಾಗ ಅಡ್ಡೆಯೂ ಇರಲಿಲ್ಲ, ಹಂಡೆಯೂ ಇರಲಿಲ್ಲ. ನಾಲಿಗೆ ಒಂದಿತ್ತು. ಎಲುಬು ಎಷ್ಟು ಹೊತ್ತು ಕುದಿಯಬೇಕು, ಚಕ್ರಮೊಗ್ಗು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು, ಉಪ್ಪುಪ್ಪು ಮೀನಿನ ರಸಕ್ಕೆ ಕಲ್ಲುಸಕ್ಕರೆ ಎಷ್ಟು ತೂಗಬೇಕು, ಎಲ್ಲವನ್ನೂ ಆ ನಾಲಿಗೆಯೇ ಥೋವಾಳಿಗೆ ಕಲಿಸಿತ್ತು. ಕಲಿಸಿದ ಮೇಲೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿಗೆ ಕೂತು, ಎರಡು ಚಮಚ ಸಾರು ಕುಡಿದು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿತ್ತು.

"ರಸ ಒಂದು ಚೂರು ಕಮ್ಮಿ."

"ಈರುಳ್ಳಿ ಸುಟ್ಟಿದ್ದು ಜಾಸ್ತಿಯಾಯ್ತು. ಕಹಿ ಬಂದಿದೆ."

ಇಷ್ಟಾದ ಮೇಲೆ ಥೋವಾ ಒಲೆಯ ಹತ್ತಿರ ಹೋಗಿ ಸರಿಮಾಡುತ್ತಿದ್ದಳು. ತಾನಾಗಿ ರುಚಿ ನೋಡುತ್ತಿರಲಿಲ್ಲ. ಅಮ್ಮ ಸರಿ ಎಂದ ಸಾರನ್ನು ಮತ್ತೆ ತಾನು ಚಪ್ಪರಿಸಿ ನೋಡುವುದು ಅಮ್ಮನನ್ನು ನಂಬದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗಾಗಿ ಅವಳು ತನ್ನ ಹೋಟೆಲಿನ ಸಾರನ್ನೇ ಬಾಯಿಗೆ ಹಾಕಿಕೊಂಡು ವರ್ಷಗಳಾಗಿದ್ದವು. ಇತ್ತೀಚೆಗಂತೂ ಅಮ್ಮ ತಪ್ಪೇ ಹುಡುಕುತ್ತಿರಲಿಲ್ಲ. ದಿನಾ ಅದೇ ಮಾತು, ಸರಿಯಾಗಿದೆ. ಐವತ್ತು ದಾಟಿದ ಮೇಲಾದರೂ ತನ್ನ ಕೈ ಕೂತಿತಲ್ಲ ಎಂದು ಥೋವಾ ಒಳಗೊಳಗೇ ಹಿಗ್ಗಿದ್ದಳು.

ಆ ಹಿಗ್ಗಿಗೆ ಕಲ್ಲು ಬಿದ್ದದ್ದು ಜನವರಿಯ ಮೂರು ರಾಯರ ಹಬ್ಬದ ದಿನ.

ಕಾರು ನಿಲ್ಲಿಸುವ ಅಂಗಳದ ಆಚೆ ಬದಿಗೆ, ಥೋವಾಳ ಹೋಟೆಲಿಗೆ ಮುಖಮಾಡಿಕೊಂಡು, ಅವಳ ತಂಗಿ ಬಿಕ್‌ಳ ಬೇಕರಿ ಇತ್ತು. ವರ್ಷವಿಡೀ ಅಲ್ಲಿ ಉದ್ದನೆಯ ಗರಿಗರಿ ಬ್ರೆಡ್ಡು. ಅದನ್ನು ಸೀಳಿ ಹಂದಿಮಾಂಸ, ಉಪ್ಪಿನಲ್ಲಿ ಹಾಕಿದ ಗಜ್ಜರಿ, ಮೆಣಸಿನಕಾಯಿ ತುಂಬಿಸಿ ಕೊಡುವ ಬಾನ್ ಮೀ. ಆದರೆ ಮೂರು ರಾಯರ ಹಬ್ಬದಿಂದ ಕಾರ್ನಿವಾಲ್ ಮುಗಿಯುವವರೆಗೆ ಊರಿಗೆ ಊರೇ ಹುಚ್ಚೆದ್ದು ಕಿಂಗ್ ಕೇಕ್ ತಿನ್ನುತ್ತದಲ್ಲ, ಆ ಕಾಲದಲ್ಲಿ ಬಿಕ್‌ಳ ಬೇಕರಿಯ ಮುಂದಿನ ಸಾಲು ಅಂಗಳ ತುಂಬಿ ಹೆದ್ದಾರಿಯ ತನಕ ಹೋಗುತ್ತಿತ್ತು. ನೇರಳೆ, ಹಸಿರು, ಹೊಂಬಣ್ಣದ ಸಕ್ಕರೆ ಉದುರಿಸಿದ ಉಂಗುರದಂಥ ಕೇಕು, ಒಳಗೆ ಬೆಣ್ಣೆಯಂಥ ಮೆತ್ತನೆಯ ಬ್ರೆಡ್ಡು. ಅಜ್ಜ ಮುತ್ತಜ್ಜನ ಕಾಲದಿಂದ ಆ ಕೇಕು ಮಾಡಿಕೊಂಡು ಬಂದ ಊರಿನ ಹಳೆಯ ಬೇಕರಿಗಳನ್ನು ಬಿಟ್ಟು ಜನ ಇಷ್ಟು ದೂರ ಬರುತ್ತಿದ್ದರು. ಟಿವಿಯವರು ಬಂದು ಬಿಕ್‌ಳ ಹಿಟ್ಟು ಮೆತ್ತಿದ ಕೈಗಳನ್ನು ಚಿತ್ರ ತೆಗೆದುಕೊಂಡು ಹೋಗಿದ್ದರು.

ಅಕ್ಕತಂಗಿಯರು ಎಂದೂ ಜಗಳವಾಡಿದವರಲ್ಲ. ಜಗಳವಾಡಿದ್ದರೆ ಎಂದೋ ಮುಗಿದುಹೋಗುತ್ತಿತ್ತು. ಇಡೀ ಊರಿಗೆ ನೀರು ನುಗ್ಗಿದ ವರ್ಷ ಮನೆಗಳನ್ನು ಕೆರೆದು, ಕೊಳೆತ ಗೋಡೆ ಕಿತ್ತು, ಅಮ್ಮನಿಗೆ ಒಣ ಹಾಸಿಗೆ ಮಾಡಿಕೊಟ್ಟವಳು ಥೋವಾ. ಬಿಕ್ ಆಗ ಹ್ಯೂಸ್ಟನ್ನಿನಲ್ಲಿ ಬೇಕರಿ ಕೆಲಸ ಕಲಿಯುತ್ತಿದ್ದಳು. ಎಲ್ಲ ಒಣಗಿದ ಮೇಲೆ ಬಂದು ಒಲೆ ಹೂಡಿದಳು, ಹೆಸರು ಮಾಡಿದಳು. ಇರಲಿ ಎಂದುಕೊಂಡಳು ಥೋವಾ. ಸಾಲು ಅವಳಿಗಿರಲಿ, ಟಿವಿ ಅವಳಿಗಿರಲಿ. ಅಮ್ಮ ನನಗಿದ್ದಾಳೆ. ಅಮ್ಮ ಇರುವುದು ನನ್ನ ಮನೆಯಲ್ಲಿ, ಕೂರುವುದು ನನ್ನ ಕಿಟಕಿಯ ಪಕ್ಕ.

ಈಗ ಆ ಕುರ್ಚಿ ಖಾಲಿ. ಹಬ್ಬದ ದಿನ ಅಮ್ಮ ಮೊದಲ ಬಟ್ಟಲಿಗೆ ತೀರ್ಪು ಕೊಟ್ಟು, ಬಾಯಿ ಒರೆಸಿಕೊಂಡು, ಉಣ್ಣೆಯ ಟೋಪಿ ಕಿವಿಗೆ ಎಳೆದುಕೊಂಡು ಎದ್ದಿದ್ದಳು.

"ಬಿಕ್‌ಗೆ ಪೆಟ್ಟಿಗೆ ಮಡಿಚೋಕೆ ಜನ ಸಾಲ್ತಿಲ್ವಂತೆ. ಹೋಗ್ಬರ್ತೀನಿ."

ಒಂದು ದಿನದ ಮಾತು ಎಂದುಕೊಂಡಿದ್ದಳು ಥೋವಾ. ಮರುದಿನವೂ ಹೋದಳು. ಅದರ ಮರುದಿನವೂ. ಸಂಜೆ ವಾಪಸಾಗುವಾಗ ಅಮ್ಮನ ತೋಳಿಗೆಲ್ಲ ಬಣ್ಣದ ಸಕ್ಕರೆ ಅಂಟಿರುತ್ತಿತ್ತು. ಥೋವಾ ಅದನ್ನು ಕೊಡವುತ್ತಿದ್ದಳು, ಮಗು ಬೇರೆಯವರ ಮನೆಯ ಮಣ್ಣಿನಲ್ಲಿ ಆಡಿ ಬಂದ ಹಾಗೆ.

"ಅಮ್ಮಾ, ಇವತ್ತೂ ಹೋಗ್ಲೇಬೇಕಾ?" ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟಳು. "ಇಲ್ಲಿ ಕೂತಿರೋಕೆ ಏನು ಕಷ್ಟ? ಬಿಸಿ ಚಹಾ ಕೊಡ್ತೀನಿ, ಟಿವಿ ಹಾಕ್ತೀನಿ, ಕಾಲಿಗೆ ಹೀಟರ್ ಇಡ್ತೀನಿ."

"ಅದೇ ಕಷ್ಟ," ಅಂದಳು ಅಮ್ಮ.

ಥೋವಾ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಅಮ್ಮನ ಕೈ ನಡುಗಲು ಶುರುವಾದಾಗ ಕಾಮಕಸ್ತೂರಿ ಎಲೆ ಬಿಡಿಸುವ ಬುಟ್ಟಿಯನ್ನು ಅವಳ ಮುಂದಿನಿಂದ ಎತ್ತಿಟ್ಟವಳೇ ಥೋವಾ. ಬೆಳ್ಳುಳ್ಳಿ ಸುಲಿಯುವುದನ್ನೂ ಬಿಡಿಸಿದಳು, ನಿಂಬೆಹಣ್ಣು ಹೆಚ್ಚುವ ಚಾಕುವನ್ನೂ ಇಸಿದುಕೊಂಡಳು. ಜೀವಮಾನವಿಡೀ ದುಡಿದ ಕೈ, ಇನ್ನಾದರೂ ಮಡಿಲಲ್ಲಿರಲಿ ಎಂದು ಆಸೆ. ಆ ಕೈಯಿಂದ ಈಗ ಬಿಕ್ ಪೆಟ್ಟಿಗೆ ಮಡಿಚಿಸುತ್ತಿದ್ದಾಳಲ್ಲ ಎಂದು ನೆನೆದರೆ ಅವಳೊಳಗೆ ಒಂದು ಕೆಂಡ ಉರಿಯುತ್ತಿತ್ತು.

ಗಂಡ ಲುವಾನ್ ಒಲೆಯ ಮುಂದಿನಿಂದ ಕೆಣಕುತ್ತಿದ್ದ. ಮೊದಲು ಸೀಗಡಿ ದೋಣಿಯಲ್ಲಿದ್ದವನು ಅವನು. ಗಾಳಿಗೆ ಎದುರು ಕೂಗಿ ಕೂಗಿ ಈಗಲೂ ಮಾತು ಜೋರು.

"ನಿಮ್ಮಮ್ಮ ಏನು ಓಡಿಹೋದ್ಲಾ? ಅಂಗಳ ದಾಟಿದ್ದಾಳೆ ಅಷ್ಟೇ. ಕಿಟಕಿ ಒರೆಸಿ ಒರೆಸಿ ಗಾಜು ಸವೆಸ್ಬಿಟ್ಟೆ."

"ನನಗೇನು? ಯಾರು ಎಲ್ಲಿ ಕೂತ್ರೆ ನನಗೇನು?"

"ಹಾಂ, ಏನೂ ಇಲ್ಲ. ಅದಕ್ಕೇ ಈರುಳ್ಳಿ ಬದ್ಲು ಬೆರಳು ಹೆಚ್ಚಿಕೊಂಡೆ."

ಒಂದು ಮಧ್ಯಾಹ್ನ ಆ ಗಾಜಿನಿಂದಲೇ ಅವಳು ಕಂಡದ್ದು ಇದು. ಬೇಕರಿಯ ಒಳಗೆ ಅಮ್ಮ ಪುಟ್ಟ ಮಣೆಯ ಮೇಲೆ ಕೂತಿದ್ದಾಳೆ. ಬಿಕ್ ಒಂದು ತುಂಡು ಕೇಕು ತಂದುಕೊಟ್ಟಳು. ಸಿಹಿ ಅಂದರೆ ಹಲ್ಲಿಗೆ ಆಗುವುದಿಲ್ಲ ಎಂದು ಹೊಸವರ್ಷದ ತೆಟ್ ಹಬ್ಬದ ಮಿಠಾಯಿಯನ್ನೂ ದೂರ ತಳ್ಳುವ ಅಮ್ಮ, ಆ ಕೇಕನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ಅಗಿದಳು. ಏನೋ ಅಂದಳು. ತಾಯಿ ಮಗಳು ಇಬ್ಬರೂ ನಕ್ಕರು. ಅಮ್ಮನ ಭುಜ ಕುಣಿಯುವಷ್ಟು ನಗು.

ಅದೇ ಅಮ್ಮ ಈಚೆಗೆ ಮೊದಲ ಬಟ್ಟಲಿನಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಶ್ಯಾವಿಗೆ ಮುದ್ದೆಯಾಗಿ ತಳದಲ್ಲಿ ಉಳಿದಿರುತ್ತಿತ್ತು. ವಯಸ್ಸಾಯಿತು, ಹಸಿವಿಲ್ಲ ಎಂದು ಥೋವಾ ತನಗೆ ತಾನೇ ಹೇಳಿಕೊಂಡಿದ್ದಳು. ಹಸಿವಿಲ್ಲದವಳು ಹೀಗೆ ಕೇಕು ತಿನ್ನುತ್ತಾಳೆಯೇ? ಆ ದಿನ ಸಂಜೆ ಅಮ್ಮನ ತೋಳಿನ ಸಕ್ಕರೆಯನ್ನು ಅವಳು ಕೊಡವಲಿಲ್ಲ.

ಕಾರ್ನಿವಾಲಿನ ಕೊನೆಯ ಶನಿವಾರ. ಊರಿನಲ್ಲಿ ಮೆರವಣಿಗೆಯ ಮೇಲೆ ಮೆರವಣಿಗೆ. ನಸುಕಿನಲ್ಲೇ ಬೇಕರಿಯ ಮುಂದೆ ಕಾರುಗಳು ಸೇರಿದ್ದವು. ಲುವಾನ್ ವ್ಯಾನು ನಿಲ್ಲಿಸಿದ. ಅಮ್ಮ ಇಳಿದವಳೇ ಹೋಟೆಲಿನ ಕಡೆ ತಿರುಗದೆ, "ಬಿಕ್ ಏನೋ ಕೇಳಿದ್ಲು, ಒಂದು ಗಳಿಗೆ ಅಲ್ಲಿಗೆ ಹೋಗಿ ಬಂದ್ಬಿಡ್ತೀನಿ" ಎಂದು ಆಚೆ ನಡೆದಳು.

ಮೊದಲ ಬಟ್ಟಲಿಗಿಂತ ಮೊದಲೇ. ಹೀಗೆ ಎಂದೂ ಆಗಿರಲಿಲ್ಲ.

ಥೋವಾ ಒಲೆಯ ಮುಂದೆ ನಿಂತಳು. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕುದಿದ ಎಲುಬಿನ ನೀರು ತಿಳಿಯಾಗಿ, ಹೊಂಬಣ್ಣವಾಗಿ ಮಿನುಗುತ್ತಿತ್ತು. ಈ ಹೊತ್ತಿಗೆ ಅದಕ್ಕೆ ಉಪ್ಪು, ಮೀನಿನ ರಸ, ಕಲ್ಲುಸಕ್ಕರೆ ಬೀಳಬೇಕು. ರಸದ ಬಾಟಲಿ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಆಚೆ ಬೇಕರಿಯ ದೀಪಗಳು ಒಟ್ಟಿಗೆ ಹೊತ್ತಿಕೊಂಡವು. ಬಾಟಲಿ ಹಿಡಿದುಕೊಂಡೇ ಕಿಟಕಿಗೆ ಬಂದಳು. ಒಳಗೆ ಬಿಕ್ ಅಮ್ಮನ ಟೋಪಿ ತೆಗೆದು, ಕೂದಲು ಸರಿಮಾಡಿ, ಬೇಕರಿಯ ಹೊಸ ಬಿಳಿ ಟೋಪಿಯನ್ನು ತಲೆಗೆ ಇಡುತ್ತಿದ್ದಳು. ಅಮ್ಮ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು, ಮದುಮಗಳ ಹಾಗೆ.

ಥೋವಾ ಎಷ್ಟು ಹೊತ್ತು ನಿಂತಿದ್ದಳೋ. ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಳು. ಲುವಾನ್ ಶ್ಯಾವಿಗೆ ನೆನೆಹಾಕಿದನಾ, ಮಾಂಸ ತೆಳ್ಳಗೆ ಹೆಚ್ಚಿದನಾ ಎಂದು ಅವನ ಮೇಲೆ ರೇಗಿದಳು. ಅಷ್ಟರಲ್ಲಿ ಅಮ್ಮ ಬಿಳಿ ಟೋಪಿಯಲ್ಲೇ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು.

ಥೋವಾ ಬಟ್ಟಲು ತಂದಿಟ್ಟಳು.

ಅಮ್ಮ ಒಂದು ಚಮಚ ಕುಡಿದಳು. ಇನ್ನೊಂದು. ಕಣ್ಣು ಮುಚ್ಚಿದಳು, ತೆರೆದಳು.

"ಸರಿಯಾಗಿದೆ," ಎಂದು ಎದ್ದಳು. "ಅಲ್ಲಿ ಜನ ಕಾಯ್ತಿದ್ದಾರೆ ಕಣೇ."

ಬಾಗಿಲು ತೆರೆಯಿತು. ಮೊದಲು ಒಳಬಂದವರು ದಿನದ ಗಿರಾಕಿಗಳೇ. ಸೀಗಡಿ ದೋಣಿ ಬಿಟ್ಟು ಈಗ ಮೊಮ್ಮಕ್ಕಳನ್ನು ನೋಡಿಕೊಳ್ಳುವ ತುಂಗ್ ದೊಡ್ಡಪ್ಪ, ಅವರ ಇಬ್ಬರು ಗೆಳೆಯರು. ಮೂಲೆಯ ಮೇಜಿಗೆ ಆಲ್ಸೈಡ್, ಅಂಚೆಯವನು. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಕಪ್ಪು ಹಿರಿಯ. ಕೆಲಸಕ್ಕೆ ಹೋಗುವ ಮುಂಚೆ ಇಲ್ಲಿ ದೊಡ್ಡ ಬಟ್ಟಲು ಫೋ ತಿನ್ನದಿದ್ದರೆ ಅವನ ಕಾಲು ನಡೆಯುವುದಿಲ್ಲವಂತೆ.

ಬಟ್ಟಲುಗಳು ಹೋದವು. ಎಲ್ಲರೂ ಬಟ್ಟಲಿನ ಮೇಲೆ ಬಗ್ಗಿದರು. ತುಂಗ್ ದೊಡ್ಡಪ್ಪ ಮೇಜಿನ ಮೇಲಿನ ಮೀನಿನ ರಸವನ್ನು ಸುರಿದುಕೊಂಡರು. ಕುಡಿದು ನೋಡಿ ಮತ್ತೆ ಸುರಿದುಕೊಂಡರು. ಬಾಟಲಿಯನ್ನು ಗೆಳೆಯನಿಗೆ ದಾಟಿಸಿದರು. ಅವನೂ ಸುರಿದುಕೊಂಡ.

"ಥೋವಾ," ಎಂದು ಕರೆದರು. "ಡಾಕ್ಟ್ರು ನನಗೆ ಉಪ್ಪು ಬಿಡು ಅಂದಿರೋದು ನಿನಗೆ ಯಾರಮ್ಮ ಹೇಳಿದ್ರು? ನನ್ನ ಹೆಂಡ್ತೀನಾ?"

ಗೆಳೆಯರು ನಕ್ಕರು. ಥೋವಾಳಿಗೆ ಅರ್ಥವಾಗಲಿಲ್ಲ.

ಆಲ್ಸೈಡ್ ಮಾತ್ರ ನಗಲಿಲ್ಲ. ಅವಳು ಹತ್ತಿರ ಹಾದುಹೋಗುವಾಗ ಮೆಲ್ಲಗೆ ಕೇಳಿದ, "ಮಿಸ್ ಥೋವಾ, ಮನೇಲಿ ಎಲ್ಲ ಚೆನ್ನಾಗಿದ್ದಾರಾ? ಇವತ್ತು ಬೇರೆಯವರು ಅಡುಗೆ ಮಾಡಿದ್ರಾ?"

ಲುವಾನ್ ಸೌಟು ಅದ್ದಿ ಕುಡಿದ. ಹಂಡೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಇದು ಬಿಸಿನೀರು ಕಣೇ."

"ಅಮ್ಮ ಸರಿಯಾಗಿದೆ ಅಂದ್ಲಲ್ಲ?"

"ಅಮ್ಮ ಅಂದಿದ್ದು ಬಿಡು. ನೀನೇ ಕುಡಿ."

ಥೋವಾ ಕುಡಿದಳು. ನಾಲಿಗೆಗೆ ಏನೂ ಸಿಕ್ಕಲಿಲ್ಲ. ಎಲುಬಿನ ಮೆದು ವಾಸನೆ, ಚಕ್ಕೆಯ ನೆರಳು, ಅಷ್ಟೇ. ಉಪ್ಪಿಲ್ಲ, ರಸವಿಲ್ಲ, ಸಕ್ಕರೆಯಿಲ್ಲ. ತಿರುಗಿ ನೋಡಿದರೆ ರಸದ ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು.

ಮರೆತದ್ದು ತಾನು. ಅದು ಅವಳಿಗೆ ತಕ್ಷಣ ಗೊತ್ತಾಯಿತು. ಆದರೆ ಆ ಗೊತ್ತಾದದ್ದರ ಮೇಲೆ ಇನ್ನೊಂದು ಬಂದು ಕೂತಿತು: ಅಮ್ಮ ಇದನ್ನು ಕುಡಿದು ಸರಿಯಾಗಿದೆ ಅಂದಳು. ಈರುಳ್ಳಿ ಒಂದು ಚೂರು ಹೆಚ್ಚು ಸುಟ್ಟರೆ ಹಿಡಿಯುತ್ತಿದ್ದ ಅಮ್ಮ. ಅಂದರೆ ರುಚಿ ನೋಡಿದ್ದೇ ಸುಳ್ಳು. ಬಾಯಿ ಇಲ್ಲಿ, ಮನಸ್ಸು ಅಲ್ಲಿ. ತನ್ನ ಹೋಟೆಲಿಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಎಂಬ ಯೋಚನೆಯೂ ಅವಳಿಗಿಲ್ಲ.

"ಉಪ್ಪು ಹಾಕು, ರಸ ಹಾಕು, ಎಲ್ಲರಿಗೂ ಹೊಸ ಬಟ್ಟಲು ಕೊಡು," ಎಂದು ಗಂಡನಿಗೆ ಹೇಳಿದಳು. ಆ ಉಪ್ಪಿಲ್ಲದ ಸಾರನ್ನೇ ಒಂದು ಬಟ್ಟಲಿಗೆ ಬಗ್ಗಿಸಿಕೊಂಡು, ಏಪ್ರನ್ ಸಹ ಬಿಚ್ಚದೆ ಅಂಗಳಕ್ಕೆ ಇಳಿದಳು.

"ಎಲ್ಲಿಗೇ?" ಲುವಾನ್ ಕೂಗಿದ.

"ನಮ್ಮಮ್ಮನ್ನ ಕರ್ಕೊಂಡು ಬರೋಕೆ."

ಸಾಲಿನಲ್ಲಿದ್ದ ಜನರೆಲ್ಲ ಅವಳನ್ನು ನೋಡಿದರು. ಕೈಯಲ್ಲಿ ಹಬೆಯಾಡುವ ಬಟ್ಟಲು, ಮುಖದಲ್ಲಿ ಅದಕ್ಕಿಂತ ಹೆಚ್ಚು ಹಬೆ. ಬಾಗಿಲ ಹತ್ತಿರ ಮೆರವಣಿಗೆಯ ಬಣ್ಣದ ಮಣಿಸರಗಳನ್ನು ಕೊರಳ ತುಂಬ ಹಾಕಿಕೊಂಡಿದ್ದ ಒಬ್ಬ ಹೆಂಗಸು ನಗುತ್ತ ಹೇಳಿದಳು, "ಸಾಲು ಹಿಂದಿನಿಂದ ಕಣಮ್ಮಾ. ನಾನು ಕತ್ತಲಲ್ಲೇ ಬಂದು ನಿಂತಿದ್ದೀನಿ."

"ನಾನು ಕೇಕಿಗೆ ಬಂದಿಲ್ಲ," ಎಂದು ಥೋವಾ ಒಳಗೆ ನುಗ್ಗಿದಳು.

ಬೇಕರಿಯ ಒಳಗೆ ಬೆಣ್ಣೆ, ಚಕ್ಕೆ, ಬಿಸಿ ಬ್ರೆಡ್ಡಿನ ವಾಸನೆ ದಟ್ಟವಾಗಿತ್ತು. ಒಳ್ಳೆಯ ವಾಸನೆ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಬಿಕ್ ಗಲ್ಲೆಯ ಹಿಂದೆ ಕೇಕಿನ ಪೆಟ್ಟಿಗೆಗಳಿಗೆ ದಾರ ಕಟ್ಟುತ್ತಿದ್ದಳು. ಅಕ್ಕನನ್ನು ಕಂಡು ಅವಳ ಕೈ ನಿಂತಿತು. ಥೋವಾ ಬಟ್ಟಲನ್ನು ಅವಳ ಮುಂದೆ ಇಟ್ಟಳು.

"ಕುಡಿ."

"ಅಕ್ಕಾ, ಈಗಾ? ನೋಡು ಎಷ್ಟು ಜನ..."

"ಕುಡಿ ಅಂದೆ."

ಬಿಕ್ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.

"ಇದರಲ್ಲಿ ಉಪ್ಪೇ ಇಲ್ಲ."

"ಇದನ್ನೇ ಅಮ್ಮ ಬೆಳಿಗ್ಗೆ ಸರಿಯಾಗಿದೆ ಅಂದಿದ್ದು. ನಾನು ನಂಬಿ ಬಾಗಿಲು ತೆಗೆದೆ. ಊರಿನ ಮುಂದೆ ನನ್ನ ಮಾನ ಹೋಯ್ತು. ನಿನಗೆ ಇಷ್ಟೊಂದು ಸಾಲಿದೆ, ಊರೆಲ್ಲ ನಿನ್ನನ್ನ ಹೊಗಳತ್ತೆ. ಸಾಲ್ದಾ ಬಿಕ್? ನನ್ನ ಹತ್ರ ಇದ್ದಿದ್ದು ಒಂದೇ. ಅದನ್ನೂ ಟೋಪಿ ಹಾಕಿ ಕೂರಿಸ್ಕೊಂಡ್ಯಲ್ಲ."

ಬಿಕ್ ಸಿಟ್ಟಾಗುತ್ತಾಳೆ ಎಂದು ಥೋವಾ ಕಾದಿದ್ದಳು. ಅವಳು ಸಿಟ್ಟಾಗಲಿಲ್ಲ. ಗಲ್ಲೆಯನ್ನು ಕೆಲಸದವಳಿಗೆ ಒಪ್ಪಿಸಿ, ಅಕ್ಕನ ಮೊಣಕೈ ಹಿಡಿದು, ಹಿಟ್ಟಿನ ಮೂಟೆಗಳಿದ್ದ ಓಣಿಗೆ ಎಳೆದುಕೊಂಡು ಹೋದಳು.

"ಮೆಲ್ಲಗೆ ಮಾತಾಡು. ಅಮ್ಮ ಒಳಗಿದ್ದಾಳೆ." ತಗ್ಗಿದ ದನಿಯಲ್ಲಿ ಅಂದಳು. "ಅಮ್ಮನಿಗೆ ರುಚಿ ಗೊತ್ತಾಗಲ್ಲ ಅಕ್ಕ."

"ಏನು ಹಾಗಂದ್ರೆ?"

"ಚಳಿಗೆ ಮುಂಚೆ ಜ್ವರ ಬಂದು ಮಲಗಿದ್ಲಲ್ಲ, ಆವಾಗಿಂದ. ವಾಸನೆ ಇಲ್ಲ, ಉಪ್ಪು ಇಲ್ಲ, ಹುಳಿ ಇಲ್ಲ. ಯಾವುದೂ ಇಲ್ಲ. ನಿನ್ನ ಸಾರೂ ಒಂದೇ, ನಲ್ಲಿ ನೀರೂ ಒಂದೇ. ನಿನಗೆ ಹೇಳಬಾರ್ದು ಅಂತ ನನ್ನ ಕೈಲಿ ದೇವಮಾತೆಯ ಮೇಲೆ ಆಣೆ ಹಾಕಿಸ್ಕೊಂಡ್ಲು."

ಥೋವಾ ಹಿಟ್ಟಿನ ಮೂಟೆಗೆ ಒರಗಿದಳು. ಜ್ವರ ಬಂದಾಗ ಅಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ತಾನು. ಗಂಜಿ ಕುಡಿಸಿದವಳು ತಾನು. ಆಮೇಲೆ ದಿನಾ ಬೆಳಿಗ್ಗೆ ಸರಿಯಾಗಿದೆ, ಸರಿಯಾಗಿದೆ ಎಂದದ್ದು, ತನ್ನ ಕೈ ಕೂತಿತು ಎಂದು ತಾನು ಹಿಗ್ಗಿದ್ದು, ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂತು. ಅಮ್ಮನಿಗಾಗಿ ಎದೆ ಒಡೆಯಬೇಕಿತ್ತು, ಒಡೆಯಿತು ಕೂಡ. ಆದರೆ ಬಾಯಿಂದ ಮೊದಲು ಬಂದದ್ದು ಬೇರೆಯದೇ ಮಾತು.

"ನಿನಗೆ ಯಾಕೆ ಹೇಳಿದ್ಲು?"

ಬಿಕ್ ನಕ್ಕಳು. ಖುಷಿಯ ನಗೆಯಲ್ಲ.

"ನಾನು ಯಾವತ್ತೂ ರುಚಿ ನೋಡು ಅಂತ ಕೇಳ್ಲಿಲ್ವಲ್ಲ, ಅದಕ್ಕೇ. ಕೇಳೋ ಧೈರ್ಯ ಇರ್ಲಿಲ್ಲ. ಇಷ್ಟು ವರ್ಷ ಅಂಗಳದ ಆ ಕಡೆ ಕೂತಿದ್ಲು ಅಕ್ಕ. ಒಂದು ಸಲ ಈ ಕಡೆ ಬಂದು ನನ್ನ ಬ್ರೆಡ್ಡು ಮುರಿದು, ಬಿಕ್, ಇದು ಚೆನ್ನಾಗಿದೆ, ಇದು ಹಾಳಾಗಿದೆ ಅಂತ ಅಂದವಳಲ್ಲ. ಕಿಟಕೀಲಿ ದಿನಾ ನೋಡ್ತಿದ್ದೆ, ನಿನ್ನ ಬಟ್ಟಲು ಹಿಡ್ಕೊಂಡು ಕಣ್ಣು ಮುಚ್ಚೋದನ್ನ. ಈಗ ಬಂದಿದ್ದಾಳೆ, ನಾಲಿಗೆ ಹೋದ ಮೇಲೆ. ಕೇಕು ತಿಂದು ಏನಂದ್ಲು ಗೊತ್ತಾ? ಸಕ್ಕರೆ ಹಲ್ಲಿಗೆ ಕರಕರ ಅನ್ನತ್ತೆ, ಮಜಾ ಇದೆ ಅಂದ್ಲು. ನನಗೆ ಸಿಕ್ಕಿದ್ದು ಅಷ್ಟೇ. ಕರಕರ."

ಥೋವಾ ತಂಗಿಯ ಮುಖವನ್ನು ನೋಡಿದಳು. ಆ ಕಡೆಯ ಗಾಜಿನಲ್ಲೂ ಒಂದು ಮುಖ ನಿಂತು ಈ ಕಡೆ ನೋಡುತ್ತಿತ್ತು ಎಂಬುದು ಇಷ್ಟು ವರ್ಷ ಅವಳಿಗೆ ಹೊಳೆದಿರಲಿಲ್ಲ.

"ಗುಸುಗುಸು ನಿಲ್ಸಿ, ಇಲ್ಲಿ ಬನ್ನಿ ಇಬ್ರೂ," ಒಳಗಿನಿಂದ ಅಮ್ಮನ ದನಿ ಬಂತು. "ರುಚಿ ಹೋಗಿದೆ, ಕಿವಿ ಹೋಗಿಲ್ಲ."

ಅಮ್ಮ ಮಣೆಯ ಮೇಲೆ ಕೂತಿದ್ದಳು. ಒಂದು ಬದಿಗೆ ಚಪ್ಪಟೆ ರಟ್ಟುಗಳು, ಇನ್ನೊಂದು ಬದಿಗೆ ಮಡಿಚಿದ ಪೆಟ್ಟಿಗೆಗಳು ಅವಳ ತಲೆಗಿಂತ ಎತ್ತರಕ್ಕೆ. ಕೈ ನಡುಗುತ್ತಲೇ ಇತ್ತು, ಆದರೆ ನಿಲ್ಲದೆ ಮಡಿಚುತ್ತಿತ್ತು. ಥೋವಾ ಅವಳ ಮುಂದೆ ನೆಲದ ಮೇಲೆ ಕೂತಳು.

"ಇವತ್ತು ಉಪ್ಪು ಮರ್ತಿದ್ಯಾ?" ಅಮ್ಮ ಕೇಳಿದಳು.

"ಹೂಂ."

"ಹಾಕಿದ್ಯಾ ಈಗ?"

"ಲುವಾನ್ ಹಾಕ್ತಿದ್ದಾನೆ."

"ಅವನ ಕೈಗೆ ಬಿಟ್ಟು ಬಂದ್ಯಾ? ಸಮುದ್ರ ಮಾಡಿಟ್ಟಿರ್ತಾನೆ."

ಥೋವಾಳಿಗೆ ನಗುವೂ ಬಂತು, ಅಳುವೂ ಬಂತು. "ಯಾಕಮ್ಮ ನನಗೆ ಹೇಳ್ಲಿಲ್ಲ?"

ಅಮ್ಮ ರಟ್ಟಿನ ಕಿವಿಗಳನ್ನು ಒಳಗೆ ಸಿಕ್ಕಿಸಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ನೀನು ಬುಟ್ಟಿ ಇಸ್ಕೊಂಡೆ. ಚಾಕು ಇಸ್ಕೊಂಡೆ. ನಿನ್ನ ಹೋಟ್ಲಲ್ಲಿ ನನಗೆ ಅಂತ ಉಳಿದಿದ್ದು ಎರಡು ಚಮಚದ ಕೆಲಸ. ಅದೂ ಆಗಲ್ಲ ಅಂತ ಹೇಳಿದ್ರೆ ಕಿಟಕಿ ಪಕ್ಕ ಹೂದಾನಿ ಇಟ್ಟ ಹಾಗೆ ಇಟ್ಟಿರ್ತಿದ್ದೆ. ಬೆಳಗಿಂದ ಸಂಜೆವರೆಗೂ ಚಹಾ ಕುಡ್ಸಿ. ನಾನೇನು ನೆಂಟಳಾ?"

"ಕೈ ನಡುಗತ್ತೆ, ಪಾಪ ಅಂತ..."

"ನಡುಗ್ಲಿ. ನಡುಗ್ತಾನೇ ಮಾಡತ್ತೆ. ನೋಡು."

ಇನ್ನೊಂದು ಪೆಟ್ಟಿಗೆ ಎದ್ದು ನಿಂತಿತು.

"ಮತ್ತೆ ನಾಳೆ?" ಥೋವಾ ಕಣ್ಣೊರೆಸಿಕೊಂಡಳು. "ನಾಳೆ ಬಾಗಿಲು ಹೇಗೆ ತೆಗೀಲಿ?"

"ಕೈಯಿಂದ ತೆಗಿ. ಚಳಿಗಾಲ ಪೂರ್ತಿ ನಾನು ಸರಿಯಾಗಿದೆ, ಸರಿಯಾಗಿದೆ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಒಬ್ಬನಾದ್ರೂ ಬಟ್ಟಲು ವಾಪಸ್ಸು ಕಳಿಸಿದ್ನಾ? ಇವತ್ತು ಬಿಟ್ಟು?"

"ಇಲ್ಲ."

"ಮತ್ತೆ ರುಚಿ ನೋಡಿದ್ದು ಯಾರು? ನಿನ್ನ ಕೈ ಕೂತು ಎಷ್ಟೋ ಕಾಲ ಆಯ್ತು ಕಣೇ. ಮೊದಲೇ ಹೇಳಿದ್ರೆ ನನಗೆ ಕೆಲಸ ಇರ್ತಿರ್ಲಿಲ್ಲ ಅಂತ, ಆವಾಗಾವಾಗ ಒಂದು ತಪ್ಪು ಹುಡುಕ್ತಿದ್ದೆ."

ಗಲ್ಲೆಯ ಕಡೆಯಿಂದ ಯಾರೋ ಬಿಕ್‌ಳನ್ನು ಕೂಗಿದರು. ಬಿಕ್ ಹೋದಳು. ಥೋವಾಳೂ ಎದ್ದಳು, ಮಧ್ಯಾಹ್ನದ ಊಟದ ಹೊತ್ತಿಗೆ ಲುವಾನ್ ಒಬ್ಬನೇ ಸಮುದ್ರ ಮಾಡಿಟ್ಟಿರುತ್ತಾನೆ ಎಂಬ ಭಯ ನಿಜವಾಗಿಯೂ ಇತ್ತು. ಅಮ್ಮನನ್ನು ಕರೆದುಕೊಂಡು ಹೋಗಲೆಂದು ಬಂದವಳು ಒಬ್ಬಳೇ ಹಿಂದಿರುಗಿದಳು. ಸೌಟು ಅದ್ದಿ ತಾನೇ ಕುಡಿದು ನೋಡಿದಳು. ಉಪ್ಪು ಹೆಚ್ಚಾಗಿತ್ತು. ಬಿಸಿನೀರು ಹಾಕಿದಳು, ಕಲ್ಲುಸಕ್ಕರೆ ಒಂದು ತುಂಡು ಹಾಕಿದಳು, ಮತ್ತೆ ಕುಡಿದಳು. ಸರಿಯಾಗಿದೆ ಎಂದು ಹೇಳಲು ಬಾಯಿ ತೆರೆದಳು. ಯಾರಿಗೆ ಹೇಳುವುದು ಎಂದು ತಿಳಿಯದೆ ಸೌಟು ಎತ್ತಿಟ್ಟಳು. ತುಂಗ್ ದೊಡ್ಡಪ್ಪ ಎರಡನೆಯ ಬಟ್ಟಲಿನ ತಳ ಬಳಿದು ಕುಡಿದು, "ಡಾಕ್ಟ್ರಿಗೆ ಹೇಳ್ಬೇಡ" ಎಂದು ಹೋದರು. ಅಷ್ಟು ಸಾಕಾಯಿತು.

ಆದರೆ ಕೆಲಸದ ನಡುವೆ ಕಣ್ಣು ಮಾತ್ರ ಆ ಕಡೆಗೇ. ಅಮ್ಮ ಅಲ್ಲಿ ಮಡಿಚುತ್ತಿದ್ದಾಳೆ, ಬಿಕ್‌ಳ ಪೆಟ್ಟಿಗೆ. ಬಿಕ್‌ಳ ಟೋಪಿಯಲ್ಲಿ. ಎಲ್ಲ ಗೊತ್ತಾದ ಮೇಲೂ, ಅಮ್ಮನ ಮಾತು ನ್ಯಾಯ ಎನಿಸಿದ ಮೇಲೂ, ಒಳಗಿನ ಕೆಂಡ ಆರಿರಲಿಲ್ಲ. ಬೂದಿ ಮುಚ್ಚಿತ್ತು ಅಷ್ಟೇ.

ಊಟದ ಗಲಾಟೆ ಇಳಿದ ಮೇಲೆ ಅವಳು ಕಾಮಕಸ್ತೂರಿಯ ದೊಡ್ಡ ಕಟ್ಟುಗಳನ್ನು ಬುಟ್ಟಿಗೆ ತುಂಬಿದಳು. ಮೇಲೆ ಮೊಳಕೆ ಹೆಸರುಕಾಳಿನ ಪಾತ್ರೆ ಇಟ್ಟಳು.

"ಈಗೇನು?" ಲುವಾನ್ ಕೇಳಿದ. "ಮನೆ ಸಾಮಾನೆಲ್ಲ ತಂಗಿಗೆ ಸಾಗಿಸ್ತಿದ್ದೀಯಾ?"

"ಅಮ್ಮನಿಗೆ ಕೆಲಸ ಬೇಕಂತೆ."

"ಇಲ್ಲಿಗೆ ಕರೆದ್ರೆ ಆಯ್ತಪ್ಪ."

"ಹಬ್ಬ ಮುಗಿಯೋವರೆಗೆ ಬರಲ್ಲ ಅವಳು, ನನಗೆ ಗೊತ್ತು. ಆದ್ರೆ ಬರೀ ಬಿಕ್ ಕೆಲಸ ಮಾತ್ರ ಯಾಕೆ ಮಾಡ್ಬೇಕು?"

ಲುವಾನ್ ಹೆಂಡತಿಯ ಮುಖ ನೋಡಿ, ಶ್ಯಾವಿಗೆ ಸೋಸಲು ತಿರುಗಿದ.

ಈ ಸಲ ಮಣಿಸರದ ಹೆಂಗಸು ಇರಲಿಲ್ಲ, ಬೇರೆಯವರಿದ್ದರು, ದಾರಿ ಬಿಟ್ಟರು. ಥೋವಾ ಬುಟ್ಟಿಯನ್ನು ಅಮ್ಮನ ಮುಂದೆ, ರಟ್ಟುಗಳ ಪಕ್ಕದಲ್ಲೇ ಇಟ್ಟಳು.

"ನನ್ನದೂ ಆಗ್ಬೇಕು. ಎಲೆ ಬಿಡಿಸ್ಬೇಕು, ಕಾಳಿನ ಬಾಲ ಮುರೀಬೇಕು. ಸಂಜೆ ಊಟಕ್ಕೆ ಬೇಕು."

ಅಮ್ಮ ಬುಟ್ಟಿಯನ್ನು ನೋಡಿದಳು. ಒಂದು ಎಲೆ ಕಿತ್ತು ಮೂಗಿಗೆ ಹಿಡಿದಳು, ಅಭ್ಯಾಸಬಲದಿಂದ. ಏನೂ ಸಿಗಲಿಲ್ಲವೆಂದು ಕೈ ಇಳಿಸಿದಳು. ಎಲೆಯನ್ನು ಬೆರಳುಗಳ ನಡುವೆ ಹೊರಳಿಸಿದಳು.

"ಎಳೇದು ತಂದಿದ್ಯಲ್ಲ," ಅಂದಳು. "ಚೆನ್ನಾಗಿದೆ."

ಬಿಕ್ ಕೈ ಒರೆಸಿಕೊಳ್ಳುತ್ತ ಬಂದಳು. "ಅಕ್ಕಾ, ನನಗೆ ಕತ್ತಲಾಗೋದ್ರೊಳಗೆ ಈ ರಟ್ಟೆಲ್ಲ ಪೆಟ್ಟಿಗೆ ಆಗ್ಬೇಕು."

"ನನಗೂ ಅಷ್ಟೊತ್ತಿಗೇ ಎಲೆ ಬೇಕು."

"ನಾಳೆ ಬೇಕಾದ್ರೆ ನಿನ್ನ ಹತ್ರ ಕೂರಿಸ್ಕೋ."

"ನಾಳೆ ಭಾನುವಾರ. ನಾಳೆ ನಿನಗೆ ಇನ್ನೂ ಜಾಸ್ತಿ ಸಾಲು ಇರತ್ತೆ, ಬಿಡ್ತೀಯಾ ನೀನು?"

"ನೋಡ್ರೇ," ಅಂದಳು ಅಮ್ಮ, "ಇಬ್ರಿಗೂ ಕೆಲಸ ಮಾಡಿಕೊಡೋಳು ನ್ಯೂ ಆರ್ಲಿಯನ್ಸಿಗೆಲ್ಲ ನಾನೊಬ್ಬಳೇ ಅಂತ ಕಾಣತ್ತೆ. ಸಂಬಳ ಮಾತಾಡ್ಕೊಂಡು ಆಮೇಲೆ ಬನ್ನಿ."

ಯಾರೂ ಹೋಗಲಿಲ್ಲ. ಅಮ್ಮನ ಒಂದು ಕಡೆ ರಟ್ಟು, ಒಂದು ಕಡೆ ಬುಟ್ಟಿ. ಅವಳ ಕೈ ಮೊದಲು ಯಾವ ಕಡೆ ಹೋಗುತ್ತದೆ ಎಂದು ಇಬ್ಬರು ಹೆಣ್ಣುಮಕ್ಕಳೂ, ತಲೆ ನರೆತವರು, ಉಸಿರು ಹಿಡಿದು ನಿಂತರು. ಅಮ್ಮನಿಗೆ ಅದು ತಿಳಿಯಿತು. ಎರಡೂ ಕೈಗಳನ್ನು ಮಡಿಲಲ್ಲಿ ಮಡಚಿಕೊಂಡಳು.

"ಗೂಬೆಗಳ ಹಾಗೆ ಯಾಕೆ ನಿಂತಿದ್ದೀರ? ಅಂಗಡಿ ಇಲ್ವಾ ನಿಮಗೆ?"

ಬಿಕ್ ಮೊದಲು ಗಲ್ಲೆಗೆ ಹೋದಳು. ಥೋವಾ ಬಾಗಿಲ ತನಕ ಹೋದಳು, ತಡೆಯಲಾರದೆ ತಿರುಗಿ ನೋಡಿದಳು. ಅಮ್ಮನ ಬೆರಳಲ್ಲಿ ಕಾಮಕಸ್ತೂರಿಯ ಒಂದು ಕುಡಿ ಇತ್ತು, ಎಲೆಗಳು ಒಂದೊಂದಾಗಿ ಬುಟ್ಟಿಗೆ ಬೀಳುತ್ತಿದ್ದವು. ಆಮೇಲೆ ಅವಳು ರಟ್ಟು ಎತ್ತಿಕೊಂಡಳೋ ಇಲ್ಲವೋ, ಅದನ್ನು ನೋಡಲು ಥೋವಾ ನಿಲ್ಲಲಿಲ್ಲ. ಸರಸರನೆ ಅಂಗಳ ದಾಟಿಬಿಟ್ಟಳು.